ಮುದುಕಿಗೊಂದು ವಿಮೆ

"ಏಯ್, ಹಗ್ಗ ತೆಗಿ! ತೆಗಿಯೇ ಅಂದ್ರೆ! ಇಲ್ಲಿ ಕಟ್ಟೋಕೆ ಇದೇನು ನಿಮ್ಮಪ್ಪ ಕಟ್ಟಿಸಿದ ದಕ್ಕೆನಾ?"

ನಾನು ಆಗಷ್ಟೇ ದೋಣಿಯ ಹಗ್ಗವನ್ನು ದಕ್ಕೆಯ ಗೂಟಕ್ಕೆ ಸುತ್ತಿದ್ದೆ. ತಲೆಯ ಮೇಲೆ ಮೇಜುಹಾಸುಗಳ ಗಂಟಿತ್ತು, ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ಬೂಟಿನ ತುದಿಯಿಂದ ಹಗ್ಗವನ್ನು ಗೂಟದಿಂದ ಜಾರಿಸಿ ನೀರಿಗೆ ಒದ್ದ. ನನ್ನ ಒಂದು ಕಾಲು ದಕ್ಕೆಯ ಮೆಟ್ಟಿಲ ಮೇಲಿತ್ತು, ಇನ್ನೊಂದು ದೋಣಿಯಲ್ಲಿತ್ತು. ದೋಣಿ ಸರಿಯತೊಡಗಿತು. ಹಿಂದೆ ಕೂತಿದ್ದ ಅತ್ತೆ ಹುಟ್ಟು ಚಾಚಿ ಮೆಟ್ಟಿಲ ಸಂದಿಗೆ ಸಿಕ್ಕಿಸಿ ಎಳೆಯದಿದ್ದರೆ ಗಂಟಿನ ಸಮೇತ ನೀರಿಗೆ ಬೀಳುತ್ತಿದ್ದೆ. ಗಂಟು ನೆನೆದರೆ ಮತ್ತೆ ಒಗೆದು, ಗಂಜಿ ಹಾಕಿ, ಇಸ್ತ್ರಿ ತಿಕ್ಕಬೇಕು. ನಾನು ನೆನೆದರೆ ಯಾರಿಗೇನು?

"ಇವನ ಕಾಲು ಸೇದಿಹೋಗ," ಎಂದಳು ಅತ್ತೆ. ನನಗೆ ಮಾತ್ರ ಕೇಳಿಸಲಿ ಎಂದು ಹೇಳಿದ್ದಲ್ಲ ಅದು.

ನಾವು ಬಟ್ಟೆ ಒಗೆಯುವವರು. ಜನರಿಗೆ ಹೆಸರಿಡುವುದು ಅವರ ಬಟ್ಟೆ ನೋಡಿಯೇ. ಈ ಸೆಕ್ರೆಟರಿಗೆ ನಮ್ಮ ಮನೆಯಲ್ಲಿ ಕೊಳೆಕಾಲರ್ ಎಂದು ಹೆಸರು. ದೂರದಿಂದ ನೋಡಿದರೆ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಇರುತ್ತಾನೆ. ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೋಪಿ. ಆ ಅಂಗಿಯ ಕಾಲರನ್ನು ಮಗುಚಿ ನೋಡಿದವರು ಊರಿಗೆಲ್ಲ ನಾವು ಮೂವರೇ, ನಾನು, ನನ್ನ ಗಂಡ, ನನ್ನ ಅತ್ತೆ. ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ, ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ನಮ್ಮ ಬೆರಳು ಸವೆದ ಮೇಲೆ ಅವನ ಕತ್ತಿನ ಜಿಡ್ಡು ಬಿಡುತ್ತದೆ. ಕ್ಲಬ್ಬಿನ ಉಳಿದವರ ಬಟ್ಟೆಯೂ ಹೇಳಿಕೊಳ್ಳುವ ಹಾಗಿಲ್ಲ. ಯಾರು ಕುಡಿದು ಎಲ್ಲಿ ಕಾರಿದರು, ಯಾರ ಹಾಸಿಗೆಯ ಬಟ್ಟೆಯಲ್ಲಿ ಏನಿತ್ತು, ಎಲ್ಲ ನಮ್ಮ ಹಂಡೆಗೆ ಗೊತ್ತು. ನಾವು ಒಗೆದು ಕೊಟ್ಟ ಗಳಿಗೆಯಿಂದ ಅವರು ಶುದ್ಧ, ನಾವು ಗಲೀಜು.

"ಇವತ್ತೇ ಕೊನೆ," ಎಂದ ಕೊಳೆಕಾಲರ್. "ಇನ್ಮೇಲೆ ವಿಮೆ ಇಲ್ಲದ ಯಾವ ದೋಣಿನೂ ಈ ದಕ್ಕೆ ಮುಟ್ಟಕೂಡದು. ಕಮಿಟಿ ತೀರ್ಮಾನ."

"ಈ ಮುದುಕಿಗೆ ಎಂಥಾ ವಿಮೆ ಸಾರ್?" ಎಂದೆ. ಮುದುಕಿ ಎಂದರೆ ನಮ್ಮ ದೋಣಿ.

"ನಿನ್ನ ಈ ಕೊಳೆತ ಹಲಗೆ ಕಂತೆ ನಮ್ಮ ಬೋಟಿಗೆ ತಾಗಿ ಗೀರು ಬಿದ್ರೆ ಯಾರು ತುಂಬಿಕೊಡ್ತಾರೆ? ನಿನ್ನ ಗಂಡನಾ?" ಅವನು ತನ್ನ ಬಲಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು, ಖಾಲಿ ತೋಳನ್ನು ಅಲ್ಲಾಡಿಸಿ ತೋರಿಸಿದ. ಹಿಂದೆ ನಿಂತಿದ್ದ ಇಬ್ಬರು ಮೆಂಬರುಗಳು ನಕ್ಕರು.

ಆ ಕೈ ಹೋದದ್ದು ಇದೇ ಮೆಟ್ಟಿಲ ಬಳಿ. ನನ್ನ ಗಂಡ ದೋಣಿಯ ಅಂಚು ಹಿಡಿದು ಗಂಟು ಇಳಿಸುತ್ತಿದ್ದ. ಕೊಳೆಕಾಲರನ ಸೋದರಳಿಯ ಹೊಸ ಮೋಟಾರ್ ಬೋಟು ತಂದು, ಹುಡುಗಿಯರಿಗೆ ವೇಗ ತೋರಿಸಲು ಹೋಗಿ, ಸೀದಾ ನಮ್ಮ ಮುದುಕಿಯ ಪಕ್ಕೆಗೆ ಗುದ್ದಿದ. ಮುದುಕಿ ಮೆಟ್ಟಿಲಿಗೆ ಒತ್ತಿತು, ನಡುವೆ ನನ್ನ ಗಂಡನ ಬಲಗೈ ಇತ್ತು. ಆಸ್ಪತ್ರೆಯವರು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದರು. ಮೋಟಾರ್ ಬೋಟಿನ ಮೂತಿಗೆ ಬಿದ್ದ ಗೀರನ್ನು ವಿಮೆಯವರು ಹೊಸ ಬಣ್ಣ ಹೊಡೆಸಿ ಸರಿ ಮಾಡಿಕೊಟ್ಟರು. ಕ್ಲಬ್ಬಿನವರು ವಿಚಾರಣೆ ಅಂತ ಒಂದು ಮಾಡಿದರು. ನಮ್ಮ ದೋಣಿ ಅಲ್ಲಿ ಇರಬಾರದಿತ್ತು ಎಂದು ಗೊತ್ತಾಯಿತಂತೆ.

"ಗಂಟು ಎಸೆದು ಹೋಗು," ಎಂದ ಕೊಳೆಕಾಲರ್. ದಕ್ಕೆ ಮುಟ್ಟಬಾರದು, ಗಂಟು ಮಾತ್ರ ಮುಟ್ಟಬೇಕು. ಎಸೆದೆ. ಅವನ ಆಳು ಹಿಡಿದುಕೊಂಡ.

*

"ಅವರು ನಮಗೆ ಗುದ್ದಿದ್ರಾ, ನಾವು ಅವರಿಗೆ ಗುದ್ದಿದ್ವಾ?" ಅತ್ತೆ ಹಂಡೆಯ ಕೆಳಗೆ ಸೌದೆ ತುರುಕುತ್ತ ಕೇಳಿದಳು. ದಾರಿಯುದ್ದಕ್ಕೂ ಇದನ್ನೇ ಕೇಳುತ್ತ ಬಂದಿದ್ದಳು. "ಗುದ್ದಿಸಿಕೊಂಡೋರು ವಿಮೆ ಮಾಡಿಸಬೇಕಂತೆ! ಬೋಳಿಮಕ್ಕಳಾ!"

ನನ್ನ ಗಂಡ ಎಡಗೈಯಲ್ಲಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದ. ಬಲಗೈಯ ಮೊಂಡಿನಿಂದ ಬಟ್ಟೆಯ ಅಂಚನ್ನು ಒತ್ತಿ ಹಿಡಿದುಕೊಂಡಿದ್ದ. ಕಾದ ಪೆಟ್ಟಿಗೆ ಆ ಮೊಂಡಿಗೆ ತಾಗಿ ಎಷ್ಟೋ ಸಲ ಸುಟ್ಟಿದೆ. ಅವನು ಹೇಳುವುದಿಲ್ಲ, ವಾಸನೆ ಬಂದಾಗ ನನಗೆ ಗೊತ್ತಾಗುತ್ತದೆ.

"ಸೇತುವೆ ದಾರಿ ಹಿಡಿದರೆ?" ಎಂದ.

"ತಲೆ ಮೇಲೆ ಹೊತ್ಕೊಂಡು ಆ ಸುತ್ತು ಹಾಕಿದ್ರೆ ಮಧ್ಯಾಹ್ನದ ಊಟದ ಬಟ್ಟೆ ರಾತ್ರಿಗೆ ಮುಟ್ಟುತ್ತೆ. ಅವರು ಬರಿ ಮೇಜಿನ ಮೇಲೆ ಉಣ್ತಾರಾ? ಮಾರನೇ ದಿನವೇ ಬೇರೆಯವರನ್ನ ನೋಡ್ಕೋತಾರೆ," ಎಂದೆ.

ಅವನು ಮತ್ತೆ ಪೆಟ್ಟಿಗೆ ಒತ್ತಿದ. ದಕ್ಕೆ ಹೋದರೆ ಕ್ಲಬ್ಬು ಹೋಯಿತು, ಕ್ಲಬ್ಬು ಹೋದರೆ ನಮ್ಮ ಒಲೆ ಹೋಯಿತು. ಒಂದು ಕೈಯವನಿಗೆ, ಒಬ್ಬ ಮುದುಕಿಗೆ, ನನಗೆ ಇನ್ನೆಲ್ಲಿ ಕೆಲಸ ಕಾದಿದೆ?

ಹೊರಗೆ ನೀರಿನಂಚಿನಲ್ಲಿ ನಮ್ಮ ಮರದ ಮುದುಕಿ ತೂಗುತ್ತಿತ್ತು. ನನ್ನ ಮಾವ ಕಟ್ಟಿದ ದೋಣಿ. ಮರ ಹಳೆಯದಾಗಿ ಹಲಗೆಗಳ ನಡುವೆ ಸಂದು ಬಿಟ್ಟಿತ್ತು. ಆದರೂ ನೀರು ಒಳಗೆ ಬರುತ್ತಿರಲಿಲ್ಲ, ಬರದ ಹಾಗೆ ನಾವು ನೋಡಿಕೊಂಡಿದ್ದೆವು. ಕ್ಲಬ್ಬಿನ ಮೇಜುಹಾಸು, ಹಾಸಿಗೆಯ ಬಟ್ಟೆ ಹರಿದರೆ ತಪ್ಪು ನಮ್ಮದೇ. ಕಲ್ಲಿಗೆ ಹೊಡೆದು ಹರಿದಿರಿ ಎಂದು ಕೂಲಿಯಲ್ಲಿ ಮುರಿದುಕೊಂಡು, ಹರಿದ ಬಟ್ಟೆಯನ್ನು ಮುಖಕ್ಕೆ ಎಸೆಯುತ್ತಾರೆ. ಅತ್ತೆ ಅದನ್ನು ಉದ್ದುದ್ದ ಪಟ್ಟಿ ಸೀಳುತ್ತಾಳೆ. ಟಾರಿನಲ್ಲಿ ಕುದಿಸಿ, ಬತ್ತಿ ಹೊಸೆದ ಹಾಗೆ ಹೊಸೆದು, ಮೊಂಡು ಚಾಕುವಿನಿಂದ ದೋಣಿಯ ಒಳಗಡೆಯಿಂದ ಸಂದಿಗೆ ತುರುಕುತ್ತಾಳೆ. ಕ್ಲಬ್ಬಿನ ಪ್ರತಿ ಬಟ್ಟೆಯ ಮೂಲೆಯಲ್ಲೂ ಕೆಂಪು ದಾರದಲ್ಲಿ ಲಂಗರಿನ ಗುರುತು ಹೊಲಿದಿರುತ್ತದೆ. ಆ ದಾರ ಗಟ್ಟಿ, ಅದಿರುವ ಮೂಲೆಯೇ ಸಂದಿಗೆ ಚೆನ್ನಾಗಿ ಕೂರುತ್ತದೆ ಎಂದು ಅತ್ತೆ ಅದನ್ನೇ ಆರಿಸಿ ಆರಿಸಿ ತುರುಕುತ್ತಿದ್ದಳು. ಟಾರಿನ ಕಪ್ಪಿನ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಲಂಗರು ಇಣುಕುತ್ತಿತ್ತು. ನಮಗೆ ಅದು ಚಂದವೇ ಕಾಣುತ್ತಿತ್ತು. ಅದನ್ನು ಮುಚ್ಚಬೇಕು ಎಂದು ನಮ್ಮ ಮೂವರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ?

*

ವಿಮೆ ಆಫೀಸಿನಲ್ಲಿ ಕುರ್ಚಿಗಳಿದ್ದವು. ನಾವು ನಿಂತಿದ್ದೆವು. ಮೇಜಿನ ಆಚೆ ಕೂತಿದ್ದವನು ನಾವು ಒಳಗೆ ಬಂದ ಕೂಡಲೇ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ನಮ್ಮ ಮೈಯಿಂದ ಸೋಡಾ, ಟಾರು, ಹೊಗೆ ಎಲ್ಲ ಬರುತ್ತದೆ, ಸುಳ್ಳೇಕೆ. ಆದರೆ ಅವನ ಕರ್ಚೀಫು ನೋಡಿ ನನಗೆ ನಗು ಬಂತು. ಮಡಿಕೆ ಮಾತ್ರ ಚೂಪಾಗಿತ್ತು, ಒಗೆದು ವಾರವಾಗಿತ್ತು. ಅತ್ತೆ ಆಗಲೇ ನನ್ನ ಕಿವಿಯಲ್ಲಿ, "ಕರ್ಚೀಫು," ಎಂದು ಹೆಸರಿಟ್ಟಾಗಿತ್ತು.

"ದೋಣಿ ಯಾವ ಕಂಪನೀದು?"

"ನಮ್ಮ ಮಾವ ಕಟ್ಟಿದ್ದು ಸಾರ್."

"ಯಾವ ವರ್ಷ?"

"ಇವಳ ಗಂಡ ನನ್ನ ಹೊಟ್ಟೇಲಿದ್ದ," ಎಂದಳು ಅತ್ತೆ. "ಹಲಗೆ ಬಗ್ಗಿಸೋಕೆ ಬಿಸಿನೀರು ಹುಯ್ದೋಳು ನಾನೇ. ಬಸುರಿ ಅಂತ ಬಿಟ್ಟಾರಾ?"

"ಇಂಜಿನ್ನು?"

ಅತ್ತೆ ಸೆರಗು ಸರಿಸಿ ಎರಡು ತೋಳುಗಳನ್ನೂ ಮೇಜಿನ ಮೇಲೆ ಚಾಚಿದಳು. ಅವನು ಕುರ್ಚಿ ಹಿಂದಕ್ಕೆ ಸರಿಸಿಕೊಂಡ.

"ಅಜ್ಜಿ, ಕೈ ತೆಗಿ. ಗಾಜು ಕೊಳೆ ಆಗುತ್ತೆ. ನೋಡಮ್ಮ, ಇದಕ್ಕೆ ಬೆಲೆ ಅಂತ ನಾನು ಏನು ಬರೀಲಿ? ಒಡೆದ್ರೆ ನೀರು ಕಾಯಿಸೋಕೆ ಸೌದೆ. ಅಷ್ಟೇ."

"ಬೆಲೆ ಇಲ್ಲದ್ದಕ್ಕೆ ವಿಮೆ ಯಾಕೆ ಸಾರ್ ಮತ್ತೆ?"

ಅವನಿಗೆ ಆ ಪ್ರಶ್ನೆ ಇಷ್ಟವಾಯಿತು. ಕರ್ಚೀಫು ಮೂಗಿನಿಂದ ಇಳಿಯಿತು. "ನಿನ್ನ ದೋಣಿಗಲ್ಲಮ್ಮ ವಿಮೆ. ನಿನ್ನ ದೋಣಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ. ನೀನು ಅವರ ಬೋಟಿಗೆ ಗುದ್ದಿದ್ರೆ, ನಾವು ಅವರಿಗೆ ಕೊಡ್ತೀವಿ."

"ಅವರು ನಮಗೆ ಗುದ್ದಿದ್ರೆ?"

"ಅದು ಇದರಲ್ಲಿ ಬರಲ್ಲ."

"ದೋಣಿ ಮುಳುಗಿದ್ರೆ?"

"ನಿನಗೇನೂ ಸಿಗಲ್ಲ. ಆದ್ರೆ ಮುಳುಗಿ ಬೇರೆಯವರ ದಾರಿಗೆ ಅಡ್ಡ ಬಿತ್ತು ಅನ್ನು, ಅದನ್ನ ಎತ್ತಿ ಹಾಕೋ ಖರ್ಚು ಕೊಡ್ತೀವಿ. ಅವರಿಗೆ."

"ನಾವು ಮುಳುಗಿದ್ರೆ?"

"ಒಳಗೆ ಕೂತೋರು ಇದರಲ್ಲಿ ಬರಲ್ಲಮ್ಮ. ಎಷ್ಟು ಸಲ ಹೇಳ್ಲಿ?"

ಅತ್ತೆ ಇಷ್ಟು ಹೊತ್ತು ಅವನ ಬಾಯನ್ನೇ ನೋಡುತ್ತಿದ್ದಳು. "ಅಲ್ಲಿಗೆ, ತೇಲೋವರೆಗೂ ನಮಗೆ ಬೆಲೆ ಇಲ್ಲ. ಅಡ್ಡ ಬಿದ್ದಾಗ ಬೆಲೆ ಬರುತ್ತೆ," ಎಂದಳು.

"ಹಾಗೇ ಅಂದ್ಕೋ ಅಜ್ಜಿ," ಎಂದು ಕರ್ಚೀಫು ನಕ್ಕ. "ನಾಳೆ ಬಂದು ದೋಣಿ ನೋಡ್ತೀನಿ. ಫೋಟೋ ಬೇಕು. ಹಣ ರೆಡಿ ಇಟ್ಕೊಂಡಿರಿ."

ಹಣಕ್ಕೆ ಇದ್ದದ್ದು ಒಂದೇ ದಾರಿ, ನನ್ನ ಗಂಡನ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆ. ಬಲಗೈ ಇದ್ದಾಗ ಅದರಲ್ಲಿ ಅವನು ತೆಗೆಯುತ್ತಿದ್ದ ಗೆರೆ ನೋಡಿ ಕ್ಲಬ್ಬಿನ ಹೆಂಗಸರು ಬೇರೆಯವರ ಕೈಗೆ ಸೀರೆ ಕೊಡುತ್ತಿರಲಿಲ್ಲ. ಎಡಗೈಗೆ ಅದು ಭಾರ. ಅದಕ್ಕೇ ಹಗುರಾದ ಕಬ್ಬಿಣದ್ದನ್ನು ಹಿಡಿದು, ಅದನ್ನು ಗೂಡಿನಲ್ಲಿಟ್ಟಿದ್ದ. ಆ ಸಂಜೆ ಅವನೇ ಇಳಿಸಿ, ಒಳಗಿನ ಬೂದಿ ಕೊಡವಿ, ಒರೆಸಿ ನನ್ನ ಕೈಗಿಟ್ಟ.

"ಮುಖ ನೋಡ್ಬೇಡ. ತಗೊಂಡು ಹೋಗು," ಎಂದ. ನನಗೆ ಅಳು ಬಂತು. ಅವನ ಮುಂದೆ ಅಳಬಾರದೆಂದು ಹೊರಟೆ, ಬೀದಿಯುದ್ದಕ್ಕೂ ಅತ್ತುಕೊಂಡೇ ಹೋಗಿ ಮಾರಿ ಬಂದೆ.

*

ಕರ್ಚೀಫು ಬಂದಾಗ ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿದು, ಮನೆಯಿಂದ ದೋಣಿಯವರೆಗೆ ಕೆಸರು ಮಾತ್ರ ಇತ್ತು. ಬೂಟು ನೋಡಿಕೊಂಡ, ಕೆಸರು ನೋಡಿದ.

"ಏನಾದರೂ ಹಾಸ್ರಿ. ನಾನು ಇದರಲ್ಲಿ ಕಾಲಿಡಲ್ಲ."

"ಹಲಗೆ ತರ್ಲಾ ಸಾರ್?" ಎಂದ ನನ್ನ ಗಂಡ.

"ಹಲಗೆ ಜಾರುತ್ತೆ. ಬಟ್ಟೆ ಹಾಸು. ನಿಮ್ಮ ಹತ್ರ ಬಟ್ಟೆಗೇನು ಬರ?"

ನಾನು ಹರಕು ಬಟ್ಟೆ ಹುಡುಕಲು ತಿರುಗಿದೆ. ಆದರೆ ಅತ್ತೆ ಹಗ್ಗದ ಮೇಲೆ ಒಣಗುತ್ತಿದ್ದ ಕ್ಲಬ್ಬಿನ ದೊಡ್ಡ ಮೇಜುಹಾಸನ್ನು ಸರಕ್ಕನೆ ಎಳೆದಳು. ಕಮಿಟಿಯವರು ಕೂತು ಉಣ್ಣುವ ಮೇಜಿನದು. ಕೆಸರಿನ ಮೇಲೆ ಕೈಯಾರೆ ಬಿಡಿಸಿ ಹಾಸಿದಳು, ಸುಕ್ಕು ಕೂಡ ನೀವಿದಳು.

"ಬನ್ನಿ ಸ್ವಾಮಿ, ತುಳೀರಿ," ಎಂದಳು. "ಹಿಮ್ಮಡಿ ಊರಿ ತುಳೀರಿ."

ಅವನು ತುಳಿದುಕೊಂಡು ಹೋದ. ಅತ್ತೆಯ ಮುಖದಲ್ಲಿ ಏನಿತ್ತೆಂದು ಅವನು ನೋಡಲಿಲ್ಲ, ನಾನು ನೋಡಿದೆ. ಆ ಹಾಸನ್ನು ಅವಳು ಆಮೇಲೆ ಬರಿ ಹೊಳೆನೀರಿನಲ್ಲಿ ಜಾಲಿಸಿ, ಸ್ವಲ್ಪ ಹೆಚ್ಚು ನೀಲಿ ಹಾಕಿ, ಗಟ್ಟಿ ಗಂಜಿ ಕೊಟ್ಟು, ಸೇತುವೆ ದಾರಿಯಲ್ಲಿ ಕಳಿಸಿದಳು. ಕಮಿಟಿಯವರು ಉಂಡರು. ಚೆನ್ನಾಗಿ ಒಗೆದಿದ್ದಾರೆ ಎಂದು ಆಳಿನ ಹತ್ತಿರ ಹೇಳಿ ಕಳಿಸಿದರು.

ಕರ್ಚೀಫು ದೋಣಿ ಹತ್ತಲಿಲ್ಲ. ಅಂಚಿನಲ್ಲಿ ನಿಂತು ಕೊಡೆಯ ತುದಿಯಿಂದ ಮುದುಕಿಯ ಪಕ್ಕೆಗೆ ತಿವಿದ. ಸತ್ತ ದನವನ್ನು ತಿವಿದು ನೋಡುವ ಹಾಗೆ ತಿವಿದ. ಹೊರಗಡೆ ಫೋಟೋ ತೆಗೆದ, ಬಗ್ಗಿ ಒಳಗಡೆ ತೆಗೆದ.

"ಈ ಸಂದಿಗೆಲ್ಲ ಏನು ತುರುಕಿದ್ದೀರಿ?"

"ಬಟ್ಟೆ ಸಾರ್. ಟಾರು ಹಾಕಿದ ಬಟ್ಟೆ," ಎಂದೆ.

"ಕೆಂಪಗೆ ಏನೋ ಕಾಣ್ತಿದೆ."

"ಲಂಗರು ಸ್ವಾಮಿ," ಎಂದಳು ಅತ್ತೆ ಹೆಮ್ಮೆಯಿಂದ. "ಕ್ಲಬ್ಬಿನ ಬಟ್ಟೆ. ಭಾರಿ ಗಟ್ಟಿ."

ಅವನು "ಹೌದಾ?" ಎಂದು ಇನ್ನೂ ಒಂದಷ್ಟು ಫೋಟೋ ತೆಗೆದ. ಹಣ ತೆಗೆದುಕೊಂಡ. ಹೋಗುವಾಗ ತನ್ನ ಕರ್ಚೀಫನ್ನು ನನ್ನ ಕಡೆಗೆ ಎಸೆದು, "ಒಗೆದಿಡು, ಪಾಲಿಸಿ ತಗೊಳ್ಳೋಕೆ ಬರುವಾಗ ತಾ," ಎಂದ. ತಂದುಕೊಟ್ಟೆ. ಅವನೂ ಮುದ್ರೆ ಒತ್ತಿದ ಕಾಗದ ಕೊಟ್ಟ.

*

ಮುದುಕಿಗೆ ವಿಮೆ ಬಂತು. ಆ ಬೆಳಿಗ್ಗೆ ನಾನು ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು, ಗಂಟುಗಳ ಜೊತೆ ದಕ್ಕೆಗೆ ಹೋದೆ. ಹಗ್ಗವನ್ನು ಗೂಟಕ್ಕೆ ಬಿಗಿದು ಕಟ್ಟಿದೆ. ಯಾರೂ ಒದೆಯಲಿಲ್ಲ. ಮಾರನೇ ದಿನ ಕ್ಲಬ್ಬಿನ ದೋಣಿ ಪಂದ್ಯ. ಬಣ್ಣದ ಬಾವುಟ ಕಟ್ಟುತ್ತಿದ್ದರು. ಅತ್ತೆ, "ಎದೆ ಉಬ್ಬಿಸ್ಕೊಂಡು ನಡಿ ಕಣೇ, ವಿಮೆ ಇದೆ," ಎಂದು ನನ್ನ ಬೆನ್ನಿಗೆ ತಿವಿದಳು. ಇಬ್ಬರೂ ನಕ್ಕೆವು.

ಕೊಳೆಕಾಲರ್ ಕಾಗದ ಮುಟ್ಟಲೂ ಇಲ್ಲ. ತನ್ನ ಮೇಜಿನ ಮೇಲೆ ಫೋಟೋಗಳನ್ನು ಒಂದೊಂದಾಗಿ ಹರಡಿದ. ಮುದುಕಿಯ ಹೊಟ್ಟೆ, ಕಪ್ಪು ಸಂದು, ಕೆಂಪು ಲಂಗರು.

"ವಿಮೆಯವರು ನಮ್ಮ ಮೆಂಬರು. ಗೊತ್ತಾ ನಿನಗೆ?"

ಗೊತ್ತಿರಲಿಲ್ಲ.

"ಇದು ಯಾರ ಬಟ್ಟೆ?"

"ಹರಿದ ಬಟ್ಟೆ ಸಾರ್. ನೀವೇ ಕೂಲೀಲಿ ಮುರ್ಕೊಂಡು ನಮಗೆ ಕೊಟ್ಟಿದ್ದು."

"ಗುರುತು ಯಾರದು ಅಂತ ಕೇಳಿದೆ. ನಮ್ಮದು ತಾನೆ? ನಮ್ಮ ಗುರುತು ಇರೋದೆಲ್ಲ ನಮ್ಮದೇ, ಹರೀಲಿ ಸುಡಲಿ. ಎಷ್ಟು ವರ್ಷದಿಂದ ಕದ್ದು ತುರುಕಿದ್ದೀರೇ ಕಳ್ಳ ಮುಂಡೇರಾ?"

"ಯಾರೋ ಕಳ್ಳರು?" ಅತ್ತೆ ಮೇಜಿನತ್ತ ನುಗ್ಗಿದಳು. "ನನ್ನ ಮಗನ ಕೈ ಕದ್ದೋನು ನಿನ್ನ ಸೋದರಳಿಯ! ನಿನ್ನ ಕತ್ತಿನ ಹೇಸಿಗೆ ಬಳಿದು ಬಳಿದು..."

ಆಳು ಅವಳ ರಟ್ಟೆ ಹಿಡಿದು ಗೋಡೆಗೆ ತಳ್ಳಿದ. ಅವಳು ಕೂತ ಹಾಗೆ ಜಾರಿ ಕೆಳಗೆ ಬಿದ್ದಳು. ನಾನು ಎತ್ತಲು ಹೋದರೆ ಕೊಳೆಕಾಲರ್ ಕಾಲು ಅಡ್ಡ ಇಟ್ಟ.

"ಮೊದಲು ಇದನ್ನ ಕೇಳು. ನಾಳೆ ಪಂದ್ಯ ಶುರುವಾಗೋದರೊಳಗೆ ನಿನ್ನ ದೋಣೀಲಿರೋ ನಮ್ಮ ಬಟ್ಟೆ ಪೂರ್ತಿ, ಒಂದು ಚೂರೂ ಬಿಡದೆ ಕಿತ್ತು ತಂದು ಕೊಡಬೇಕು. ಇಲ್ಲಾ ಅಂದ್ರೆ ಪೊಲೀಸು."

"ಅದನ್ನ ಕಿತ್ತರೆ ದೋಣಿ ಮುಳುಗುತ್ತೆ ಸಾರ್."

"ಮುಳುಗಲಿ," ಎಂದ ಕೊಳೆಕಾಲರ್. "ವಿಮೆ ಇದೆಯಲ್ಲ."

ತನ್ನ ಮಾತಿಗೆ ತಾನೇ ಅಷ್ಟು ನಕ್ಕವನನ್ನು ನಾನು ಎಲ್ಲೂ ನೋಡಿಲ್ಲ. ಕಣ್ಣಲ್ಲಿ ನೀರು ಬಂತು ಅವನಿಗೆ. ಕಿಟಕಿಯಿಂದ ಹೊರಗೆ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ಒಂದು ವ್ಯಾನು ನಿಂತಿತ್ತು. ಮಿಷಿನ್ನಿನಲ್ಲಿ ಒಗೆಯುವ ಕಂಪನಿಯದು. ಹೊಸ ಸಮವಸ್ತ್ರದವರು ನಾವು ಒಯ್ಯಬೇಕಿದ್ದ ಕೊಳೆ ಗಂಟುಗಳನ್ನು ಅದಕ್ಕೆ ತುಂಬುತ್ತಿದ್ದರು. ವಿಮೆ ಮಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆ ಇಸ್ತ್ರಿ ಪೆಟ್ಟಿಗೆ ಮಾರಿದ್ದು ಇವರಿಗೆ ನಗಲು ಒಂದು ಮಾತು ಸಿಗಲಿ ಎಂದು.

*

ಮನೆಗೆ ಬಂದು ಎಲ್ಲ ಹೇಳಿದೆ. ನನ್ನ ಗಂಡ ಬಾಗಿಲ ಹೊರಗೆ ಹೋಗಿ ದೋಣಿಯ ಅಂಚಿನ ಮೇಲೆ ಕೂತ. ಅತ್ತೆ ಸೊಂಟ ಹಿಡಿದುಕೊಂಡು ಮಲಗಿದ್ದಳು. ಆಮೇಲೆ ನನ್ನನ್ನು ಕರೆದಳು.

"ಆ ಕರ್ಚೀಫು ಏನಂದ? ಮುಳುಗಿ ಅಡ್ಡ ಬಿದ್ರೆ?"

"ಎತ್ತೋ ಖರ್ಚು ಅವರಿಗೆ ಕೊಡ್ತಾನಂತೆ."

"ಕೊಳೆಕಾಲರ್ ಏನಂದ? ಬಟ್ಟೆ ಎಲ್ಲಿಗೆ ತಂದು ಕೊಡು ಅಂದ?"

"ಕ್ಲಬ್ಬಿಗೆ."

"ಕ್ಲಬ್ಬು ಅಂದ್ರೆ ಎಲ್ಲಿಂದ ಶುರು?"

ನಾನು ಅವಳ ಮುಖ ನೋಡಿದೆ. ಕ್ಲಬ್ಬು ಶುರುವಾಗುವುದು ಕಾಲುವೆಯ ಬಾಯಿಯಿಂದ. ಎರಡು ಕಲ್ಲುಗೋಡೆಗಳ ನಡುವೆ ಇಕ್ಕಟ್ಟಾದ ಬಾಯಿ. ಅದರೊಳಗೆ ಅವರ ಬಿಳಿ ಬೋಟುಗಳೆಲ್ಲ ನಿಂತಿರುತ್ತವೆ. ಹೊರಗೆ ಬರಲು ಬೇರೆ ದಾರಿಯಿಲ್ಲ. ನೀರು ಇಳಿದಾಗ ಅಲ್ಲಿ ಎದೆಮಟ್ಟ ಇದ್ದರೆ ಹೆಚ್ಚು.

"ಅತ್ತೆ, ಮರದ ದೋಣಿ. ನೀರು ತುಂಬಿದ್ರೂ ಅರ್ಧ ತೇಲ್ತಾ ಇರುತ್ತೆ. ಹಗ್ಗ ಹಾಕಿ ಎಳ್ಕೊಂಡು ಹೋಗಿಬಿಡ್ತಾರೆ."

ಅತ್ತೆ ಕೈ ಊರಿ ಎದ್ದು ಕೂತಳು. ಅಂಗಳದಲ್ಲಿ ಒಗೆಯುವ ಕಲ್ಲುಗಳು ಮಲಗಿದ್ದವು, ಮದುವೆಯಾಗಿ ಬಂದ ದಿನದಿಂದ ಅವಳೂ ನಾನೂ ಬಟ್ಟೆ ಬಡಿದ ಕಲ್ಲುಗಳು. ನಡುವೆ ತಗ್ಗು ಬಿದ್ದು ನುಣ್ಣಗಾಗಿದ್ದವು.

"ಅವನ್ನ ಹೇರು," ಎಂದಳು. "ಇನ್ನು ಅವನ್ನಿಟ್ಕೊಂಡು ಯಾರ ಬಟ್ಟೆ ಒಗೀಲಿ ನಾನು?"

ಬೆಳಿಗ್ಗೆ ಕಲ್ಲುಗಳನ್ನು ಹಲಗೆಯ ಮೇಲೆ ಉರುಳಿಸಿ ದೋಣಿಗೆ ಹೇರಿದೆವು. ನನ್ನ ಗಂಡ ಒಂದು ಕೈಯಿಂದ ತಳ್ಳಿದ, ಭುಜ ಕೊಟ್ಟ. ಮುದುಕಿ ಅಂಚಿನವರೆಗೂ ಕೂತಿತು. ಅವನು ಹಿಂದೆ ಕೂತು ಹುಟ್ಟನ್ನು ಎಡಗೈಯಲ್ಲಿ ಹಿಡಿದು, ಕಂಕುಳಿಗೆ ಒತ್ತಿಕೊಂಡು ದಾರಿ ಹಿಡಿದ. ಕೈ ಹೋದಮೇಲೆ ಅವನು ದೋಣಿ ಹತ್ತಿದ್ದು ಅದೇ ಮೊದಲು.

ಕಾಲುವೆಯ ಎರಡೂ ದಡದಲ್ಲಿ ಜನ. ಬ್ಯಾಂಡು. ಒಳಗೆ ಬಿಳಿ ಬೋಟುಗಳು ಸಾಲಾಗಿ ಹೊರಡಲು ನಿಂತಿದ್ದವು. ನೀರು ಇಳಿಯತೊಡಗಿತ್ತು. ನಾವು ಬಾಯಿಯ ನಡುವೆ ಅಡ್ಡ ನಿಲ್ಲಿಸಿದೆವು. ಮೂತಿ ಒಂದು ಗೋಡೆಗೆ ತಾಗಿತು, ಹಿಂಭಾಗ ಇನ್ನೊಂದಕ್ಕೆ.

"ಏಯ್! ಏಯ್! ಯಾರದು?" ಧ್ವನಿವರ್ಧಕದಲ್ಲಿ ಕೊಳೆಕಾಲರನ ಕೂಗು ಬಂತು. "ತೆಗೀರಿ ಅದನ್ನ! ತೆಗಿಯೇ!"

"ತೆಗೀತಾ ಇದೀನಿ ಸಾರ್!" ಎಂದು ಕೂಗಿದೆ.

ಮಂಡಿಯೂರಿ ಕೂತು ಮೊಂಡು ಚಾಕುವನ್ನು ತಳದ ಸಂದಿಗೆ ಹಾಕಿ ಮೀಟಿದೆ. ಟಾರು ಬಿರಿಯಿತು. ಪಟ್ಟಿಯ ತುದಿ ಸಿಕ್ಕಿತು. ಎಳೆದೆ. ಕರುಳು ಬಂದ ಹಾಗೆ ಉದ್ದಕ್ಕೆ ಬಂತು, ಅದರ ಹಿಂದೆಯೇ ನೀರು ಬಂತು. ಅತ್ತೆ ಇನ್ನೊಂದು ಸಂದು ಹಿಡಿದಿದ್ದಳು. ತುರುಕಿದವಳು ಅವಳೇ, ಎಲ್ಲಿ ಮೀಟಿದರೆ ಬರುತ್ತದೆ ಎಂದು ಕೈಗೆ ಗೊತ್ತಿತ್ತು. ಅವಳು ಅಳುತ್ತಿದ್ದಳು. ಅಳುತ್ತಲೇ, "ತಗೋ ಬೋಳಿಮಗನೇ, ತಗೋ," ಎಂದು ಒಂದೊಂದನ್ನೇ ಕೀಳುತ್ತಿದ್ದಳು.

ಮುಂದಿನ ಬೋಟಿನಲ್ಲಿ ಕೊಳೆಕಾಲರನ ಸೋದರಳಿಯ ನಿಂತಿದ್ದ. ಮೊದಲ ಪಟ್ಟಿಯನ್ನು ಅವನ ಮೇಲೆ ಎಸೆದೆ. ಬಿಳಿ ಅಂಗಿಯ ಮೇಲೆ ಭುಜದಿಂದ ಸೊಂಟದವರೆಗೆ ಕಪ್ಪು ಬಿತ್ತು. ಟಾರು ಯಾವ ಹಂಡೆಯಲ್ಲಿ ಕುದಿಸಿದರೂ ಬಿಡುವುದಿಲ್ಲ. ಮಿಷಿನ್ನಿನಲ್ಲೂ ಬಿಡುವುದಿಲ್ಲ.

"ನಿಮ್ಮ ಬಟ್ಟೆ! ಲಂಗರು ನೋಡ್ಕೊಳ್ಳಿ!"

ನೀರು ಮಂಡಿಗೆ ಬಂತು, ತೊಡೆಗೆ ಬಂತು. ಮುದುಕಿ ಒಮ್ಮೆ ನರಳಿ, ಕಲ್ಲುಗಳ ಭಾರಕ್ಕೆ ಸೀದಾ ತಳಕ್ಕೆ ಕೂತಿತು. ನಾವು ಅಂಚಿನ ಮೇಲೆ ಹತ್ತಿ ನಿಂತೆವು. ಬ್ಯಾಂಡು ನಿಂತಿತ್ತು. ದಡದ ಮೇಲಿಂದ ಕರ್ಚೀಫು ಕುತ್ತಿಗೆ ಉದ್ದ ಮಾಡಿ ಕಿರುಚುತ್ತಿದ್ದ.

"ಬೇಕೂಂತ ಮುಳುಗಿಸಿದ್ರೆ ವಿಮೆ ಸಿಗಲ್ಲ! ಹೇಳಿಬಿಟ್ಟಿದ್ದೀನಿ! ಒಂದು ಕಾಸೂ ಸಿಗಲ್ಲ!"

"ಯಾರಿಗೋ ಸಿಗಲ್ಲ?" ಅತ್ತೆ ತಿರುಗಿ ಕೇಳಿದಳು. "ಅವರಿಗೆ ತಾನೆ?"

ಅವನು ಕೊಳೆಕಾಲರನ ಕಡೆ ನೋಡಿದ.

ಕೊಳೆಕಾಲರ್ ದಡ ಇಳಿದು ನೀರಿಗೇ ಬಂದ. ನೀರು ಇನ್ನೂ ಇಳಿಯುತ್ತಿತ್ತು. ಅಂಚಿನ ಕೆಸರಿನಲ್ಲಿ ಅವನ ಬೂಟು ಸಿಕ್ಕಿಕೊಂಡಿತು. ಮುಂದೆ ಬಾಗಿದ, ಮುಗ್ಗರಿಸಿದ, ಎರಡೂ ಕೈ ಊರಿದ. ಎದ್ದಾಗ ಬಿಳಿ ಪ್ಯಾಂಟು ಇರಲಿಲ್ಲ, ಬಿಳಿ ಅಂಗಿ ಇರಲಿಲ್ಲ. ದಡದಲ್ಲಿ ಪೊಲೀಸರ ಟೋಪಿಗಳು ಜನರನ್ನು ಸರಿಸಿಕೊಂಡು ಬರುತ್ತಿದ್ದವು. ನನಗೆ ಹೆದರಿಕೆಯಾಯಿತು, ಆಗಲಿಲ್ಲ ಎನ್ನುವುದಿಲ್ಲ. ನನ್ನ ಗಂಡನ ಮೊಂಡು ಕೈ ನನ್ನ ಬೆನ್ನಿಗೆ ಆನಿಕೊಂಡಿತ್ತು.

"ಕಳ್ಳ ನಾಯಿಗಳಾ, ತೆಗೀರೋ ಅದನ್ನ!" ಕೊಳೆಕಾಲರ್ ಅರಚಿದ. "ಎತ್ರೋ!"

"ಅಂಗಿ ಕೊಳೆಯಾಯ್ತು ನೋಡು," ಎಂದಳು ಅತ್ತೆ. "ಈ ಸಲ ನೀನೇ ಒಗ್ಕೋ."

ನಾನು ಚಾಕು ಹಿಡಿದುಕೊಂಡು ನೀರಿಗೆ ಬಗ್ಗಿದೆ. ಒಂದು ಚೂರೂ ಬಿಡದೆ ಅಂದಿದ್ದ. ಹಿಂಬದಿಯ ಸಂದಿನಲ್ಲಿ ಇನ್ನೂ ಒಂದು ಪಟ್ಟಿ ಉಳಿದಿತ್ತು.